ಕುರ್ಲಾ ಸ್ಟೇಷನ್ನಿನ ಡಬ್ಬಿ

ಭಾಂಡುಪಿನ ಶಿವಸದನ ಚಾಳಿನ ಎರಡನೆಯ ಮಹಡಿಯಲ್ಲಿ, ನಳದ ಪಕ್ಕದ ಖೋಲಿಯಲ್ಲಿದ್ದ ಶಂಕ್ರೆಪ್ಪನವರು ಒಳ್ಳೆಯ ಮನುಷ್ಯ. ಈ ಮಾತನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಏಕೆಂದರೆ ೧೯೫೫ರ ಮಳೆಗಾಲದಲ್ಲಿ ಇಡೀ ಚಾಳು, ಅವರ ಕಚೇರಿಯ ದಫೇದಾರ, ಅವರ ಮಾವ, ಕೊನೆಗೆ ಅವರ ಕೈಹಿಡಿದ ಹೆಂಡತಿ ಕೂಡ ಅವರ ಬಗ್ಗೆ ಬೇರೆಯೇ ತಿಳಿದುಕೊಂಡಿದ್ದರು.

ಶಂಕ್ರೆಪ್ಪನವರದು ಧಾರವಾಡದ ಕಡೆಯ ಲಿಂಗಾಯತ ಮನೆತನ. ದಾದರಿನ ಬಳಿಯ ಒಂದು ಸರಕಾರಿ ನೇಯ್ಗೆ ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ ಕ್ಲಾರ್ಕು. ಬೆಳಿಗ್ಗೆ ಸ್ನಾನ, ಲಿಂಗಪೂಜೆ, ಹಣೆಗೆ ಮೂರು ಬೆರಳಗಲದ ವಿಭೂತಿ, ಎಂಟು ಹದಿನೆಂಟರ ಲೋಕಲ್ಲು. ಇಷ್ಟರಲ್ಲಿ ಯಾವುದನ್ನೂ ಅವರು ತಪ್ಪಿಸಿದವರಲ್ಲ. ಸರಕಾರಿ ಇಂಗ್ಲಿಷಿನಲ್ಲಿ ತಮ್ಮನ್ನು ಮೀರಿಸುವವರಿಲ್ಲ ಎಂಬ ಸಣ್ಣ ಹೆಮ್ಮೆಯೊಂದು ಮಾತ್ರ ಅವರಿಗಿತ್ತು. ಎಂಥ ಉದ್ದದ ಪತ್ರವನ್ನಾದರೂ ಅವರು ಅರ್ಧ ನಿಮಿಷದಲ್ಲಿ ಓದಿ ಮುಗಿಸುತ್ತಿದ್ದರು. ಅದರ ಗುಟ್ಟನ್ನು ಅವರೇ ಒಮ್ಮೆ ಹೊಸ ಕ್ಲಾರ್ಕುಗಳಿಗೆ ಹೇಳಿಕೊಟ್ಟಿದ್ದರು. ಎರಡು ಅಲ್ಪವಿರಾಮಗಳ ನಡುವೆ ಸರಕಾರ ಎಂದೂ ಕೆಲಸಕ್ಕೆ ಬರುವ ಮಾತು ಬರೆಯುವುದಿಲ್ಲ, ಅದನ್ನು ಹಾರಿಸಿಬಿಡಬೇಕು.

ಜೂನ್ ತಿಂಗಳ ಮೊದಲ ವಾರ ಪ್ರಿನ್ಸಿಪಾಲರು ಎಲ್ಲರನ್ನೂ ತಮ್ಮ ಕೋಣೆಗೆ ಕರೆಸಿದರು. ಭಾರತ ಸರಕಾರದ ವಿದ್ಯಾರ್ಥಿವೇತನದ ಮೇಲೆ ಜಂಜಿಬಾರ್ ದ್ವೀಪದಿಂದ ಒಬ್ಬ ವಿದ್ಯಾರ್ಥಿ ಹಡಗಿನಲ್ಲಿ ಬರುತ್ತಿದ್ದಾನೆ, ಹೆಸರು ನಾಸರ್ ಬಿನ್ ಹಮೂದ್. ಹಾಸ್ಟೆಲಿನ ಮಾಡು ರಿಪೇರಿಗೆಂದು ಬಿಚ್ಚಿಟ್ಟಿದ್ದು ಮಳೆ ಒಳಗೇ ಬೀಳುತ್ತಿದೆ. ಮಾಡು ಮುಚ್ಚುವವರೆಗೆ, ಸುಮಾರು ನಲವತ್ತು ದಿನ, ಹುಡುಗನನ್ನು ಯಾರಾದರೂ ಮನೆಯಲ್ಲಿ ಇಟ್ಟುಕೊಳ್ಳಬೇಕು. ನಮ್ಮದು ಎಲ್ಲ ಧರ್ಮಕ್ಕೂ ಸಮಾನ ಗೌರವ ಕೊಡುವ ಹೊಸ ದೇಶ, ಹುಡುಗನ ಊಟದ ನಿಯಮದಲ್ಲಿ ಕೂದಲೆಳೆಯಷ್ಟೂ ತಪ್ಪಾಗಕೂಡದು, ದೆಹಲಿಯಿಂದ ಅಧಿಕಾರಿ ಬಂದು ನೋಡುತ್ತಾರೆ ಎಂದೂ ಅವರು ಹೇಳಿದರು.

ಎಲ್ಲರೂ ತಲೆಯ ಮೇಲಿನ ಫ್ಯಾನು ನೋಡತೊಡಗಿದರು. ಶಂಕ್ರೆಪ್ಪನವರೂ ಫ್ಯಾನನ್ನೇ ನೋಡಬೇಕೆಂದಿದ್ದರು. ಆದರೆ ಪ್ರಿನ್ಸಿಪಾಲರು, ಮುಸಲ್ಮಾನರ ರೀತಿ ರಿವಾಜು ತಿಳಿದವರು ನಮ್ಮಲ್ಲಿ ಯಾರೂ ಇಲ್ಲವೇ ಎಂದು ಕೇಳಿದರು. ಹೆಡ್ ಕ್ಲಾರ್ಕರ ಕುರ್ಚಿ ಆಗ ಎರಡು ತಿಂಗಳಿಂದ ಖಾಲಿ ಬಿದ್ದಿತ್ತು. ಶಂಕ್ರೆಪ್ಪನವರ ಬಾಯಿ ತನ್ನಷ್ಟಕ್ಕೆ ತಾನೇ ತೆರೆಯಿತು. ತಾವು ವಿಜಾಪುರದಲ್ಲಿ ಇದ್ದು ಬಂದವರೆಂದೂ ಆ ಜನರ ಆಚಾರ ವಿಚಾರವೆಲ್ಲ ತಮಗೆ ಅಂಗೈಯ ಮೇಲಿನ ನೆಲ್ಲಿಕಾಯಿಯೆಂದೂ ಅದು ಹೇಳಿಬಿಟ್ಟಿತು. ವಿಜಾಪುರದಲ್ಲಿ ಅವರು ಇದ್ದದ್ದು ನಿಜ, ಆರನೆಯ ವಯಸ್ಸಿನಿಂದ ಒಂಬತ್ತನೆಯ ವಯಸ್ಸಿನವರೆಗೆ.

ಪ್ರಿನ್ಸಿಪಾಲರು ದೆಹಲಿಯ ಪತ್ರವನ್ನು ಅವರ ಕೈಗೆ ಕೊಟ್ಟರು. ಶಂಕ್ರೆಪ್ಪನವರು ಮೆಟ್ಟಿಲಿಳಿಯುತ್ತ ತಮ್ಮ ಪದ್ಧತಿಯಂತೆ ಓದಿದರು. ಅಲ್ಪವಿರಾಮಗಳ ನಡುವಿನದನ್ನೆಲ್ಲ ಹಾರಿಸಿದ ಮೇಲೆ ಪತ್ರದ ತಿರುಳು ಹೀಗಿತ್ತು: ‘ಸದರಿ ವಿದ್ಯಾರ್ಥಿಗೆ ಕೊಡುವ ಆಹಾರವು ಅವನ ಧರ್ಮಕ್ಕೆ ಒಪ್ಪುವ ಮಾಂಸದ್ದೇ ಆಗಿರತಕ್ಕದ್ದು. ತಪ್ಪಿದಲ್ಲಿ ಸಂಬಂಧಪಟ್ಟ ನೌಕರರನ್ನು ಹೊಣೆ ಮಾಡಲಾಗುವುದು.’

ಶಂಕ್ರೆಪ್ಪನವರು ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು.

ಮಾಂಸವಿಲ್ಲದೆ ಒಂದು ದಿನ ಕಳೆದರೂ ಆ ಹುಡುಗನ ಧರ್ಮ ಕೆಡುತ್ತದೆ ಎಂದು ಅವರಿಗೆ ಆ ಕ್ಷಣ ಖಾತ್ರಿಯಾಯಿತು. ಇದು ಹೌದೋ ಅಲ್ಲವೋ ಎಂದು ಯಾರನ್ನಾದರೂ ಕೇಳಬಹುದಿತ್ತು. ಆದರೆ ಎಲ್ಲ ಗೊತ್ತಿದೆ ಎಂದು ಐದು ನಿಮಿಷದ ಹಿಂದೆ ಹೇಳಿಕೊಂಡವನು ಕೇಳುವುದಾದರೂ ಹೇಗೆ? ಮನೆಯಲ್ಲಿ ಹೆಂಡತಿ ಕಾಶವ್ವನಿಗೆ ಹೇಳುವುದಂತೂ ದೂರದ ಮಾತು. ಕಾಶವ್ವ ಮೊಟ್ಟೆಯ ಗಾಡಿ ಎದುರು ಬಂದರೆ ರಸ್ತೆ ದಾಟಿ ನಡೆಯುವ ಹೆಂಗಸು. ಇದರ ಮೇಲೆ ಚಾಳಿನ ಬಾಗಿಲಲ್ಲೇ, ಒಳಗೆ ಮಾಂಸ ತರತಕ್ಕದ್ದಲ್ಲ ಎಂದು ಮಾಲಕರು ಮರಾಠಿಯಲ್ಲೂ ಗುಜರಾತಿಯಲ್ಲೂ ಬರೆಸಿದ್ದ ಫಲಕವಿತ್ತು. ಅದಕ್ಕೆ ಕಾವಲಾಗಿ ಚಾಳಿನ ಕಾರ್ಯದರ್ಶಿ ಬಸವಂತಪ್ಪನವರಿದ್ದರು. ಬೆಳಗಾವಿಯ ಕಡೆಯವರು, ಕೋರ್ಟಿನಲ್ಲಿ ನಾಜರರಾಗಿದ್ದು ನಿವೃತ್ತರಾದವರು, ತನಿಖೆ ಮಾಡಲು ಏನೂ ಸಿಗದೆ ಬಹಳ ದಿನದಿಂದ ಬಳಲಿದ್ದವರು.

ಕೊನೆಗೆ ಶಂಕ್ರೆಪ್ಪನವರು ಕಚೇರಿಯ ದಫೇದಾರ ಇಮಾಮಸಾಹೇಬನನ್ನು ಮೂಲೆಗೆ ಕರೆದರು. ಇಮಾಮಸಾಹೇಬ ನಿಜವಾದ ವಿಜಾಪುರದವನು. ಅವನ ಮನೆ ಕುರ್ಲಾದಲ್ಲಿ. ದಿನಾ ಸಂಜೆ ಅವನ ಮನೆಯಿಂದ ಒಂದು ಡಬ್ಬಿ ಬೇಕು, ಅದರಲ್ಲಿ ‘ಅದು’ ಇರಬೇಕು, ಯಾರಿಗೂ ತಿಳಿಯಬಾರದು ಎಂದು ಶಂಕ್ರೆಪ್ಪನವರು ಬೆವರುತ್ತ ಹೇಳಿದರು. ‘ಅದು’ ಯಾವುದೆಂದು ಇಮಾಮಸಾಹೇಬನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವನು ಶಂಕ್ರೆಪ್ಪನವರ ಹಣೆಯ ವಿಭೂತಿಯನ್ನೂ ಅವರ ಸಣಕಲು ಮೈಯನ್ನೂ ಕನಿಕರದಿಂದ ನೋಡಿದ.

“ಡಾಕ್ಟರ ಹೇಳಿರಬೇಕ್ರಿ,” ಎಂದು ಪಿಸುಗುಟ್ಟಿದ. “ಸಂಕೋಚ ಬ್ಯಾಡ್ರಿ ಸಾಹೇಬ್ರ. ನಮ್ಮ ಹೊಟ್ಯಾಗಿನ ಮಾತು ಹೊರಗ ಬರಂಗಿಲ್ಲ.”

ಶಂಕ್ರೆಪ್ಪನವರು ಇಲ್ಲವೆನ್ನಲಿಲ್ಲ. ಯಾರಿಗೆಂದು ಹೇಳಿದರೆ, ಹುಡುಗನಿಗೆ ಏನು ಸೇರುತ್ತದೆ, ಏನು ಸೇರುವುದಿಲ್ಲ ಎಂದು ಇಮಾಮಸಾಹೇಬ ಕೇಳುತ್ತಾನೆ, ಆಗ ತಮ್ಮ ಅಜ್ಞಾನ ಹೊರಬೀಳುತ್ತದೆ ಎಂದು ಸುಮ್ಮನಾದರು. ಮನುಷ್ಯ ಕೆಲವೊಮ್ಮೆ ಸಣ್ಣ ಮಾನ ಉಳಿಸಿಕೊಳ್ಳಲು ದೊಡ್ಡದನ್ನು ಒತ್ತೆ ಇಡುತ್ತಾನೆ.

ಬುಧವಾರ ನಾಸರ್ ಬಂದ. ಇಪ್ಪತ್ತು ವರ್ಷದ ಎತ್ತರದ ಹುಡುಗ, ಕೆನ್ನೆಗಳು ಒಳಕ್ಕೆ ಸೇರಿದ್ದವು. ಹಡಗಿನ ಅಡುಗೆಯ ಮೇಲೆ ಅವನಿಗೆ ಅನುಮಾನವಿದ್ದುದರಿಂದ ಹನ್ನೊಂದು ದಿನ ಬ್ರೆಡ್ಡು ಬಾಳೆಹಣ್ಣಿನ ಮೇಲೆ ಕಳೆದಿದ್ದ. ಅವನ ಊರಿನ ಕಚ್ಛೀ ಅಂಗಡಿಕಾರರಿಂದ ಕಲಿತ ಹಿಂದುಸ್ತಾನಿ ಅವನ ನಾಲಿಗೆಯ ಮೇಲಿತ್ತು. ಹೊರಡುವಾಗ ಅವನ ತಂದೆ ಎರಡು ಮಾತು ಹೇಳಿ ಕಳಿಸಿದ್ದರಂತೆ. ಪರದೇಶದಲ್ಲಿ ಅನುಮಾನ ಬಂದದ್ದನ್ನು ಬಾಯಿಗಿಡಬೇಡ, ಆತಿಥ್ಯ ಮಾಡಿದವರನ್ನು ಪ್ರಶ್ನೆ ಕೇಳಿ ನೋಯಿಸಬೇಡ. ಈ ಎರಡು ಮಾತನ್ನೂ ಒಂದೇ ಸಲ ಪಾಲಿಸುವುದು ಎಷ್ಟು ಕಷ್ಟವೆಂದು ಆ ತಂದೆಗೆ ಗೊತ್ತಿರಲಿಲ್ಲ.

ಮೊದಲ ದಿನವೇ ಕಾಶವ್ವ ಜೋಳದ ರೊಟ್ಟಿ, ಝುಣಕ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು ಬಡಿಸಿದಳು. ಈ ಮನೆಯಲ್ಲಿ ಮಾಂಸದ ಗಾಳಿಯೂ ಸುಳಿಯುವುದಿಲ್ಲ ಎಂದು ನಾಸರನಿಗೆ ಬಾಗಿಲಲ್ಲೇ ತಿಳಿದಿತ್ತು. ಇಡೀ ಮುಂಬಯಿಯಲ್ಲಿ ಇದಕ್ಕಿಂತ ನಿಶ್ಚಿಂತೆಯ ತಟ್ಟೆ ತನಗೆ ಸಿಕ್ಕಲಾರದು ಎಂದು ಅವನು ದೇವರನ್ನು ನೆನೆದು ಏಳು ರೊಟ್ಟಿ ತಿಂದ. ಕಾಶವ್ವ ಆ ಕ್ಷಣದಿಂದ ಅವನನ್ನು ತನ್ನವನೆಂದುಕೊಂಡಳು. ವಾರದೊಳಗೆ ಅವನು ‘ಅವ್ವಾ, ಇನ್ನೊಂದು’ ಎನ್ನುವುದನ್ನು ಕಲಿತ.

ಅಲ್ಲಿಗೆ ಎಲ್ಲರೂ ಸುಖವಾಗಿ ಇರಬಹುದಿತ್ತು. ಆದರೆ ಸರಕಾರದ ಆಜ್ಞೆ ಇತ್ತಲ್ಲ.

ದಿನಾ ಸಂಜೆ, ರಜೆಯ ದಿನವೂ ಕಚೇರಿಯ ನೆವ ಹೇಳಿ ಹೋಗಿ, ಶಂಕ್ರೆಪ್ಪನವರು ದಾದರಿನಲ್ಲಿ ಲೋಕಲ್ ಹತ್ತಿ ಬಾಗಿಲ ಬಳಿಯೇ ನಿಲ್ಲುತ್ತಿದ್ದರು. ಕುರ್ಲಾದಲ್ಲಿ ಗಾಡಿ ನಿಲ್ಲುವುದು ಅರ್ಧ ನಿಮಿಷ. ಒಂದು ಗಂಟೆ ಮೊದಲೇ ಮನೆಗೆ ಹೋಗಿದ್ದ ಇಮಾಮಸಾಹೇಬ ಪ್ಲಾಟ್‌ಫಾರ್ಮಿನ ಗಡಿಯಾರದ ಕೆಳಗೆ ಕಾದಿದ್ದು, ಪೇಪರು ಸುತ್ತಿದ ಬಿಸಿ ಡಬ್ಬಿಯನ್ನು ಅವರ ಕೈಗೆ ದಾಟಿಸಿ, ಕಣ್ಣು ಮಿಟುಕಿಸಿ ಮಾಯವಾಗುತ್ತಿದ್ದ. ಶಂಕ್ರೆಪ್ಪನವರು ಅದನ್ನು ಮಡಿಚಿದ ಕೊಡೆಯೊಳಗೆ ಇಳಿಬಿಟ್ಟುಕೊಂಡು, ಸುರಿವ ಮಳೆಯಲ್ಲಿ ಕೊಡೆ ಬಿಚ್ಚದೆಯೇ ನೆನೆಯುತ್ತ ಮನೆ ಸೇರುತ್ತಿದ್ದರು. ಹೊರಕೋಣೆಯಲ್ಲಿ ನಾಸರ್ ಓದುತ್ತ ಕುಳಿತಿರುತ್ತಿದ್ದ. ಶಂಕ್ರೆಪ್ಪನವರು ಬಾಗಿಲು ಹಾಕಿ, ಕಿಟಕಿ ಹಾಕಿ, ಒಳಗೆ ಕಾಶವ್ವನ ಬಳೆಯ ಸದ್ದು ಎಲ್ಲಿದೆಯೆಂದು ಆಲಿಸಿ, ಡಬ್ಬಿಯನ್ನು ಮಂಚದ ಕೆಳಗೆ ತಳ್ಳುತ್ತಿದ್ದರು.

ಮೊದಲ ಸಂಜೆ ನಾಸರ್ ಇದೇನೆಂದು ಕೇಳಿದ. ಶಂಕ್ರೆಪ್ಪನವರಿಗೆ ಮಾಂಸ ಎಂಬ ಶಬ್ದ ಬಾಯಿಂದ ಹೊರಡಲಿಲ್ಲ. “ಸ್ಪೆಶಲ್. ನಿನಗಾಗಿ. ಯಾರಿಗೂ ಹೇಳಬೇಡ,” ಎಂದು ಹಿಂದುಸ್ತಾನಿಯಲ್ಲಿ ಹೇಳಿ, ಮುಟ್ಟಿದ ಮೈಲಿಗೆ ಕಳೆಯಲು ನೇರವಾಗಿ ಬಚ್ಚಲಿಗೆ ಓಡಿದರು. ಎರಡು ಕೊಡ ನೀರು ತಲೆಯ ಮೇಲೆ ಸುರಿದುಕೊಂಡ ಸದ್ದು ಹೊರಗೆ ಕೇಳಿತು.

ನಾಸರ್ ಬುದ್ಧಿವಂತ ಹುಡುಗ. ಅವನು ಯೋಚಿಸಿದ. ದೇವರಿಗೆ ಹೆದರುವ ಮನುಷ್ಯನೊಬ್ಬ ಬಾಗಿಲು ಕಿಟಕಿ ಮುಚ್ಚಿ, ಹೆಂಡತಿಗೆ ಮರೆಮಾಡಿ ತಂದುಕೊಟ್ಟು, ತಕ್ಷಣ ಸ್ನಾನಕ್ಕೆ ಓಡುವಂಥ ಪದಾರ್ಥ ಯಾವುದಿರಬಹುದು? ಮುಚ್ಚಳ ತೆಗೆದರೆ ಮಸಾಲೆಯ ಘಮಘಮ. ಮಾಂಸವೆಂಬುದು ಸ್ಪಷ್ಟ. ಯಾವುದರ ಮಾಂಸ, ಯಾರು ಕೊಯ್ದದ್ದು, ದೇವರ ಹೆಸರು ಹೇಳಿ ಕೊಯ್ದದ್ದೋ ಅಲ್ಲವೋ? ಇಷ್ಟು ಗುಟ್ಟಿನಲ್ಲಿ ಬಂದದ್ದೆಂದರೆ ಅದು ಯಾವ ಧರ್ಮದವರೂ ಮುಟ್ಟದ ವಸ್ತುವೇ ಇರಬೇಕು. ಕೇಳಿದರೆ ಇಷ್ಟು ಕಷ್ಟಪಟ್ಟು ತಂದವರ ಮನಸ್ಸು ಮುರಿಯುತ್ತದೆ. ತಿನ್ನಲೂ ಆಗದೆ ಕೇಳಲೂ ಆಗದೆ ಅವನು ಡಬ್ಬಿ ಹಿಡಿದು ಹಿಂದಿನ ಗ್ಯಾಲರಿಗೆ ಹೋದ. ನೀರಿನ ಟಾಕಿಯ ಮರೆಯಲ್ಲಿ ಒಂದು ಬಡಕಲು ಬೆಕ್ಕು ಕುಳಿತಿತ್ತು. ಬೆಕ್ಕಿಗೆ ಇಂಥ ಅನುಮಾನಗಳಿರಲಿಲ್ಲ.

ಸ್ನಾನ ಮುಗಿಸಿ ಬಂದ ಶಂಕ್ರೆಪ್ಪನವರು ಖಾಲಿ ಡಬ್ಬಿ ನೋಡಿ ನಿಟ್ಟುಸಿರು ಬಿಟ್ಟರು. ಒಂದು ದಿನದ ಮಟ್ಟಿಗೆ ದೇಶದ ಮಾನ ಉಳಿದಿತ್ತು.

ಹತ್ತು ದಿನದೊಳಗೆ ಟಾಕಿಯ ಹಿಂದೆ ಬೆಕ್ಕುಗಳ ಸಂಖ್ಯೆ ಹದಿನಾಲ್ಕಾಯಿತು. ಸಂಜೆ ಆರೂವರೆಗೆ ಅವು ಭಾಂಡುಪಿನ ನಾಲ್ಕು ದಿಕ್ಕಿನಿಂದ ಬಂದು ಸಾಲಾಗಿ ಕುಳಿತುಕೊಳ್ಳುತ್ತಿದ್ದವು. ಚಾಳಿನವರು ಇಟ್ಟ ಹಾಲನ್ನು ಮೂಸಿ ಮುಖ ತಿರುಗಿಸುತ್ತಿದ್ದವು. ಕಚೇರಿಯಲ್ಲಿ ಖಾಲಿ ಡಬ್ಬಿ ಬೆಳಗಿದಂತೆ ಮರಳಿ ಬರುವುದನ್ನು ನೋಡಿ ಇಮಾಮಸಾಹೇಬನಿಗೆ ಸಂತೋಷವಾಗಿ, ಒಂದು ಅಂತಸ್ತಿನ ಡಬ್ಬಿ ಎರಡು ಅಂತಸ್ತಿನದಾಯಿತು. ಇಷ್ಟು ತಿಂದರೂ ಸಾಹೇಬರ ಮೈಗೆ ಹತ್ತುತ್ತಿಲ್ಲವಲ್ಲ ಎಂದು ಅವನ ಹೆಂಡತಿ ಎಲುಬಿನ ಸಾರು ಮಾಡಿಕೊಡತೊಡಗಿದಳು.

ಬಸವಂತಪ್ಪನವರು ಬೆಕ್ಕುಗಳನ್ನು ಎಣಿಸಿದರು. ನೋಟುಬುಕ್ಕು ತೆಗೆದರು. ಟಾಕಿಯ ಹಿಂದೆ ಒಂದು ಎಲುಬಿನ ಚೂರು ಸಿಕ್ಕಿತು, ಅದನ್ನು ಲಕೋಟೆಗೆ ಹಾಕಿ ತಾರೀಖು ಬರೆದರು. ನೀರಿಗೆ ಎಲ್ಲರೂ ಪರದಾಡುವ ಚಾಳಿನಲ್ಲಿ ಶಂಕ್ರೆಪ್ಪ ದಿನಾ ಸಂಜೆ ಎರಡನೆಯ ಸ್ನಾನ ಏಕೆ ಮಾಡುತ್ತಾರೆ ಎಂದು ಬರೆದುಕೊಂಡರು. ಮಳೆಯಲ್ಲಿ ಕೊಡೆ ಬಿಚ್ಚದೆ ಏಕೆ ಬರುತ್ತಾರೆ ಎಂದು ಅದರ ಕೆಳಗೆ ಬರೆದರು. ಒಂದು ಸಂಜೆ ಅದೇ ಲೋಕಲ್ಲಿನಲ್ಲಿ, ಎದುರಿನವರ ಪೇಪರಿನ ಮರೆಯಿಂದ, ಕುರ್ಲಾದ ಡಬ್ಬಿಯನ್ನೂ ಕಣ್ಣುಮಿಟುಕನ್ನೂ ಕಣ್ಣಾರೆ ಕಂಡರು. ಮರುದಿನ ಬೆಳಿಗ್ಗೆ ನಳದ ಬಳಿ ಅವರು ಹೇಳಿದ್ದು ಒಂದೇ ಮಾತು: ಸಮುದ್ರದಾಚೆಯಿಂದ ಬಂದ ಮುಸಲ್ಮಾನ ಹುಡುಗ ಕಾಶವ್ವನ ರೊಟ್ಟಿ ತಿಂದು ಶರಣನಾಗಿ ಕುಳಿತಿದ್ದಾನೆ, ಶರಣರ ಕುಲದಲ್ಲಿ ಹುಟ್ಟಿದವರು ಕುರ್ಲಾ ಸ್ಟೇಷನ್ನಿನಲ್ಲಿ ಕೈ ಚಾಚಿ ನಿಂತಿದ್ದಾರೆ.

ಈ ಮಾತು ನಳದಿಂದ ಹೊರಟು ಮೂರು ಮಹಡಿ ಹತ್ತಿ ಇಳಿಯಲು ಒಂದು ಕೊಡ ತುಂಬುವಷ್ಟು ಹೊತ್ತೂ ಬೇಕಾಗಲಿಲ್ಲ.

ಕಾಶವ್ವನಿಗೆ ಇದು ಹೊಸ ಸುದ್ದಿಯಾಗಿರಲಿಲ್ಲ. ಕೊಡೆಯ ಒಳಗಿನ ಕೆಂಪು ಎಣ್ಣೆಯ ಕಲೆ, ಗಂಡನ ಅಂಗಿಯ ವಾಸನೆ, ಮಂಚದ ಕೆಳಗೆ ಎಣ್ಣೆ ಒರೆಸಿದ ಮಸಿಬಟ್ಟೆ, ಎಲ್ಲವೂ ಅವಳಿಗೆ ಎರಡನೆಯ ವಾರದಲ್ಲೇ ಗೊತ್ತಾಗಿದ್ದವು. ಅವಳು ಗಂಡನ ತಟ್ಟೆಯನ್ನು ಬೇರೆ ಗೂಡಿನಲ್ಲಿಟ್ಟಳು. ರೊಟ್ಟಿ ಬಡಿಸುವಾಗ ಹತ್ತಿರ ಬರದೆ ದೂರದಿಂದಲೇ ತಟ್ಟೆಗೆ ಬೀಳುವಂತೆ ಒಗೆಯತೊಡಗಿದಳು. ಶಂಕ್ರೆಪ್ಪನವರು, ಪಾಪ, ಕೆಲಸ ಹೆಚ್ಚಾಗಿ ಅವಳಿಗೆ ಕೈ ಸೋತಿದೆ ಎಂದುಕೊಂಡರು. ಅವಳು ಧಾರವಾಡಕ್ಕೆ ಒಂದು ಕಾರ್ಡು ಬರೆದು, ಅಂಚೆಗೆ ಹಾಕಲು ಬಸವಂತಪ್ಪನವರ ಕೈಯಲ್ಲೇ ಕೊಟ್ಟಳು. ‘ಅಪ್ಪಾರ, ಇವರು ದಾರಿ ಬಿಟ್ಟಾರ. ಕೂಡಲೆ ಬರ್ರಿ’ ಎಂದು ಅದರಲ್ಲಿತ್ತು. ಬಸವಂತಪ್ಪನವರು ಅದನ್ನು ಓದಲಿಲ್ಲ. ಡಬ್ಬಕ್ಕೆ ಹಾಕುವಾಗ ಅದು ಅವರ ಕಣ್ಣಿಗೆ ಬಿತ್ತು, ಅಷ್ಟೆ.

ಕಾಶವ್ವನ ತಂದೆ ಮುರಿಗೆಪ್ಪನವರು ಶುಕ್ರವಾರ ರಾತ್ರಿಯ ಗಾಡಿಗೆ ಬಂದಿಳಿದರು. ಎದೆಯವರೆಗಿನ ಬಿಳಿ ಗಡ್ಡ, ಮಠದಲ್ಲಿ ಸಾಲಿನ ಮೊದಲ ಮಣೆಯ ಮರ್ಯಾದೆ. ಅವರು ಕೂಗಾಡುವವರಲ್ಲ. ಅಳಿಯನ ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತು ಸುಮ್ಮನೆ ಅವನ ಬಾಯನ್ನು ನೋಡತೊಡಗಿದರು. ಶಂಕ್ರೆಪ್ಪನವರು ಎಲೆಯಡಿಕೆ ಹಾಕಿಕೊಂಡರೆ ಗಡ್ಡ ಮುಂದಕ್ಕೆ ಬಾಗುತ್ತಿತ್ತು, ಆಕಳಿಸಿದರೆ ಇನ್ನಷ್ಟು ಬಾಗುತ್ತಿತ್ತು. ಮಲಗುವ ಹೊತ್ತಿಗೆ ಅವರು ಒಂದೇ ಒಂದು ಪ್ರಶ್ನೆ ಕೇಳಿದರು.

“ಅಳಿಯಂದಿರ, ಹಲ್ಲು ಗಟ್ಟಿ ಅದಾವೇನು?”

ಮಾವನವರು ತಮ್ಮ ಆರೋಗ್ಯ ವಿಚಾರಿಸುತ್ತಿದ್ದಾರೆಂದು ಶಂಕ್ರೆಪ್ಪನವರು ಹಿಗ್ಗಿ, ತಮ್ಮ ಹಲ್ಲು ಏನನ್ನು ಬೇಕಾದರೂ ಕಡಿಯುತ್ತವೆ ಎಂದರು. ಒಳಗೆ ಕಾಶವ್ವನ ಕೈಯಿಂದ ಒಂದು ಪಾತ್ರೆ ಜಾರಿ ಬಿದ್ದ ಸದ್ದಾಯಿತು.

ಮಾವನ ಕಾವಲಿನಿಂದಾಗಿ ಶನಿವಾರ ಶಂಕ್ರೆಪ್ಪನವರು ರಜೆ ಹಾಕಬೇಕಾಯಿತು. ಕುರ್ಲಾಕ್ಕೆ ಹೋಗಲಾಗಲಿಲ್ಲ. ಸರಕಾರದ ಆಜ್ಞೆ ಮೊದಲ ಸಲ ಮುರಿದಿತ್ತು. ಅಂದು ಸಂಜೆ ಅವರು ನಾಸರನ ಮುಖ ನೋಡಲಾರದೆ ಮೂಲೆಯಲ್ಲಿ ಕುಳಿತರು. ಡಬ್ಬಿ ಬಾರದ ಸಂತೋಷದಲ್ಲಿ ನಾಸರ್ ಒಂಬತ್ತು ರೊಟ್ಟಿ ತಿಂದ. ಹಸಿದು ಹೀಗೆ ತಿನ್ನುತ್ತಿದ್ದಾನೆ ಎಂದು ಶಂಕ್ರೆಪ್ಪನವರ ಕಣ್ಣಲ್ಲಿ ನೀರು ಬಂತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಸವಂತಪ್ಪನವರು ಚಾಳಿನ ಅಂಗಳದಲ್ಲಿ ಸಭೆ ಕರೆದರು. ಮಳೆ ಬಿಡುವು ಕೊಟ್ಟಿತ್ತು. ಗ್ಯಾಲರಿಗಳ ಕಟಕಟೆಗೆ ಜನ ಒರಗಿ ನಿಂತಿದ್ದರು. ಮೇಜಿನ ಮೇಲೆ ನೋಟುಬುಕ್ಕು, ಲಕೋಟೆ, ಲಕೋಟೆಯ ವಾಸನೆಗೆ ಬಂದ ಎರಡು ಬೆಕ್ಕು. ನಿಯಮ ಮುರಿದವರು ಖೋಲಿ ಖಾಲಿ ಮಾಡಬೇಕೆಂದು ಮಾಲಕರ ಆಜ್ಞೆಯಿದೆ ಎಂದು ಬಸವಂತಪ್ಪನವರು ಆರಂಭಿಸಿದರು. ಬೆಕ್ಕು, ಸ್ನಾನ, ಕೊಡೆ, ಕುರ್ಲಾ ಎಲ್ಲವನ್ನೂ ಒಂದೊಂದಾಗಿ ಓದಿ ಕೊನೆಗೆ ನೇರವಾಗಿ ಕೇಳಿದರು.

“ಶಂಕ್ರೆಪ್ಪನವರ, ದಿನಾ ಸಂಜೀಕ ಡಬ್ಬ್ಯಾಗ ಮಾಂಸ ತರತೀರಿ. ಹೌದಲ್ಲ?”

ತಮ್ಮ ಬಗ್ಗೆ ಹೀಗೊಂದು ಮಾತಿದೆ ಎಂದು ಶಂಕ್ರೆಪ್ಪನವರಿಗೆ ತಿಳಿದದ್ದು ಆಗ. ಅವರು ಕಾಶವ್ವನ ಕಡೆ ನೋಡಿದರು. ಅವಳು ಗೋಡೆಯ ಕಡೆ ನೋಡುತ್ತಿದ್ದಳು. ಮಾವನ ಕಡೆ ನೋಡಿದರು. ಮಾವ ಅವರ ಹಲ್ಲು ನೋಡುತ್ತಿದ್ದರು. ಇಲ್ಲವೆಂದರೆ ಸುಳ್ಳು. ಹೌದು, ಹುಡುಗನಿಗಾಗಿ ಎಂದರೆ, ಈ ಜನ ಪರದೇಶದ ಹುಡುಗನನ್ನು ಮಳೆಯಲ್ಲಿ ಹೊರಗೆ ಹಾಕಬಹುದು. ಶಂಕ್ರೆಪ್ಪನವರು ಅಷ್ಟೊಂದು ಜನರ ಎದುರಿಗೆ ತಲೆ ತಗ್ಗಿಸಿ, “ಹೌದು” ಎಂದಷ್ಟೇ ಹೇಳಿ ನಿಂತುಕೊಂಡರು. ಅವರ ಜೀವನದಲ್ಲಿ ಅವರು ಮಾಡಿದ ಒಂದೇ ಧೈರ್ಯದ ಕೆಲಸ ಅದು. ಅದನ್ನು ಯಾರೂ ಗುರುತಿಸಲಿಲ್ಲ.

ಆಗಲೇ ಚಾಳಿನ ಬಾಗಿಲಲ್ಲಿ ಟ್ಯಾಕ್ಸಿಯೊಂದು ನಿಂತಿತು. ಪ್ರಿನ್ಸಿಪಾಲರು ಇಳಿದರು, ಅವರ ಹಿಂದೆ ದೆಹಲಿಯ ಅಧಿಕಾರಿ ಮಾಥುರರು ಇಳಿದರು. ಟ್ಯಾಕ್ಸಿಯ ಹಿಂದೆ, ಸಾಹೇಬರು ಕಾಯಿಲೆ ಬಿದ್ದಿರಬೇಕೆಂದು ಹೆದರಿ ಸ್ಟೇಷನ್ನಿನಿಂದ ನಡೆದು ಬಂದ ಇಮಾಮಸಾಹೇಬನಿದ್ದ. ಅವನ ಕೈಯಲ್ಲಿ ಮೂರು ಅಂತಸ್ತಿನ ಡಬ್ಬಿಯಿತ್ತು. ಬೆಕ್ಕುಗಳು ಎದ್ದು ಅವನನ್ನು ಎದುರುಗೊಂಡವು.

ಈ ಜನಸಮೂಹ ತಮ್ಮ ಸ್ವಾಗತಕ್ಕೆ ಸೇರಿದೆ ಎಂದು ಮಾಥುರರು ತಿಳಿದುಕೊಂಡು ಎಲ್ಲರಿಗೂ ಕೈಮುಗಿದರು. ನಾಸರನನ್ನು ಹತ್ತಿರ ಕರೆದು, ಊಟದ ನಿಯಮ ಇಲ್ಲಿ ಸರಿಯಾಗಿ ನಡೆಯುತ್ತಿದೆಯೇ ಎಂದು ಹಿಂದುಸ್ತಾನಿಯಲ್ಲಿ ಕೇಳಿದರು. ನಾಸರ್ ಒಮ್ಮೆ ಶಂಕ್ರೆಪ್ಪನವರನ್ನು ನೋಡಿದ. ಈ ಮನೆಯಷ್ಟು ನೆಮ್ಮದಿಯ ಊಟ ತನಗೆ ಎಲ್ಲೂ ಸಿಗುತ್ತಿರಲಿಲ್ಲ, ಅವ್ವ ಮಾಡುವುದೆಲ್ಲ ಕಾಳು, ಪಲ್ಯ, ರೊಟ್ಟಿ, ಅದರಲ್ಲಿ ತನಗೆ ನಿಷಿದ್ಧವಾದದ್ದು ಒಂದೂ ಇಲ್ಲ ಎಂದ.

“ಕೇಳಿದಿರೇನು?” ಎಂದರು ಬಸವಂತಪ್ಪನವರು ಸಭೆಗೆ. “ಹುಡುಗ ಮುಟ್ಟಿಲ್ಲ. ಅಂದ ಮ್ಯಾಲ ಡಬ್ಬಿ ಯಾರ ಹೊಟ್ಟಿಗೆ ಹೋತು?”

ಶಂಕ್ರೆಪ್ಪನವರಿಗೆ ಹುಡುಗ ಮುಟ್ಟಿಲ್ಲ ಎಂಬ ಮಾತಿನ ಮುಂದೆ ಚಾಳು, ಮಾವ, ಹೆಡ್ ಕ್ಲಾರ್ಕರ ಕುರ್ಚಿ ಎಲ್ಲವೂ ಹಿಂದಾದವು. ತಮ್ಮಿಂದ ಒಬ್ಬ ಹುಡುಗನ ಧರ್ಮ ಕೆಟ್ಟಿತು ಎಂಬುದೊಂದೇ ಅವರಿಗೆ ಕಂಡಿತು. ಅವರು ಖೋಲಿಗೆ ಓಡಿ ಟ್ರಂಕಿನಿಂದ ಪತ್ರ ತಂದು ಮಾಥುರರ ಮುಂದೆ ಹಿಡಿದರು. ಸರಕಾರ ಹೇಳಿದಂತೆ ತಾವು ಒಂದು ದಿನವೂ ಬಿಡದೆ ಮಾಂಸ ತಂದುಕೊಟ್ಟದ್ದಾಗಿಯೂ, ಡಬ್ಬಿ ಖಾಲಿಯಾಗಿದ್ದನ್ನು ಕಣ್ಣಾರೆ ಕಂಡದ್ದಾಗಿಯೂ, ತಪ್ಪಿದ್ದು ನಿನ್ನೆ ಒಂದೇ ದಿನವೆಂದೂ ತೊದಲಿದರು.

ಮಾಥುರರು ಪತ್ರವನ್ನು ಗಟ್ಟಿಯಾಗಿ ಓದಿದರು. ಅವರು ಅಲ್ಪವಿರಾಮಗಳನ್ನು ಹಾರಿಸುವವರಲ್ಲ, ಆ ಪತ್ರ ಬರೆದವರೇ ಅವರು. “ಸದರಿ ವಿದ್ಯಾರ್ಥಿಗೆ ಕೊಡುವ ಆಹಾರವು, ಮಾಂಸಾಹಾರವನ್ನೇ ಕೊಡುವ ಪ್ರಸಂಗ ಬಂದಲ್ಲಿ, ಅವನ ಧರ್ಮಕ್ಕೆ ಒಪ್ಪುವ ಮಾಂಸದ್ದೇ ಆಗಿರತಕ್ಕದ್ದು.” ಪ್ರಸಂಗ ಬಂದಲ್ಲಿ ಎಂಬಲ್ಲಿ ಅವರು ನಿಂತು ಶಂಕ್ರೆಪ್ಪನವರ ಕಡೆ ನೋಡಿದರು. ಮಾಂಸ ತಿನ್ನಲೇಬೇಕೆಂದು ಇವರ ಧರ್ಮದಲ್ಲಿ ಎಲ್ಲಿಯೂ ಇಲ್ಲ, ಸೊಪ್ಪು ಕಾಳು ತಿಂದುಕೊಂಡು ನೂರು ವರ್ಷ ಇದ್ದರೂ ಅಡ್ಡಿಯಿಲ್ಲ ಎಂದು ಮೆಲ್ಲಗೆ ತಿಳಿಸಿದರು.

ಮೊದಲು ಚಲಿಸಿದವನು ನಾಸರ್. ಅವನು ಇಮಾಮಸಾಹೇಬನ ಹತ್ತಿರ ಹೋಗಿ ಸಲಾಮು ಹೇಳಿ, ಡಬ್ಬಿಯನ್ನು ತೋರಿಸಿ, ಇದು ಯಾರ ಮನೆಯದು ಎಂದು ಕೇಳಿದ. ಇಮಾಮಸಾಹೇಬ ತನ್ನ ಮನೆಯದೆಂದ. ಕೊಯ್ದವರು ಯಾರೆಂದು ಕೇಳಿದ. ಕುರ್ಲಾದ ತಮ್ಮ ಮಸೀದಿಯ ಎದುರಿನ ಅಂಗಡಿಯವರು, ಬಿಸ್ಮಿಲ್ಲಾ ಹೇಳಿ ಕೊಯ್ದದ್ದು, ಹಲಾಲ್ ಅಲ್ಲದ್ದು ತನ್ನ ಹೆಂಡತಿ ಹೊಸ್ತಿಲೊಳಗೆ ಬಿಡುವವಳಲ್ಲ ಎಂದ. ಮೊನ್ನೆಯದು ಏನಿತ್ತೆಂದು ನಾಸರ್ ಕ್ಷೀಣ ದನಿಯಲ್ಲಿ ಕೇಳಿದ. ಮೊನ್ನೆ ಖೀಮಾ, ಅದರ ಹಿಂದಿನ ದಿನ ಕಾಲುಸೂಪು, ಬುಧವಾರ ಬಿರಿಯಾನಿ ಎಂದು ಇಮಾಮಸಾಹೇಬ ನೆನಪು ಮಾಡಿಕೊಂಡು ಹೇಳಿದ.

ನಾಸರ್ ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಬೆಕ್ಕುಗಳನ್ನು ನೋಡಿದ. ಊರು ಬಿಟ್ಟು ಬಂದ ಹುಡುಗನೊಬ್ಬ ಅಷ್ಟು ದುಃಖದಿಂದ ಬೆಕ್ಕನ್ನು ನೋಡಿದ್ದು ಮುಂಬಯಿಯ ಇತಿಹಾಸದಲ್ಲಿ ಇನ್ನೊಂದಿಲ್ಲ.

ಅವನು ಅಳುತ್ತಾನೋ ಎಂದು ಎಲ್ಲರೂ ಕಾದರು. ಅವನು ಬೆಕ್ಕುಗಳ ಕಡೆ ಬೆರಳು ಮಾಡಿ, ಎಲ್ಲವನ್ನೂ ಇವೇ ತಿಂದವು ಎಂದು ನಗತೊಡಗಿದ. ಮೊದಲು ಮೆಲ್ಲಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಇಮಾಮಸಾಹೇಬ ನಕ್ಕ, ಮಾಥುರರು ನಕ್ಕರು, ಗ್ಯಾಲರಿಗಳೂ ನಕ್ಕವು. ಬಸವಂತಪ್ಪನವರು ಮಾತ್ರ ನಗಲಿಲ್ಲ. ಅಪರಾಧಿ ಬೆಕ್ಕುಗಳಾದ ಮೇಲೆ ಖೋಲಿ ಖಾಲಿ ಮಾಡಿಸು ಎಂದು ಯಾರಿಗೆ ಹೇಳುವುದೆಂದು ಅವರು ಯೋಚಿಸುತ್ತಿದ್ದರು. ಮಾಥುರರ ಎದುರಿಗೆ ವಿಚಾರಣೆ ಮುಂದುವರಿಸುವುದು ಬೇಡವೆನಿಸಿ, ಇನ್ನು ಮುಂದೆ ಚಾಳಿನೊಳಗೆ ಡಬ್ಬಿ ಬರಕೂಡದು ಎಂದು ತೀರ್ಪು ಕೊಟ್ಟು ನೋಟುಬುಕ್ಕು ಮುಚ್ಚಿದರು. ಇಮಾಮಸಾಹೇಬ ನಾಸರನನ್ನು ಅಂದೇ ಕುರ್ಲಾಕ್ಕೆ ಕರೆದುಕೊಂಡು ಹೋದ. ಆ ಮಧ್ಯಾಹ್ನ ಅವನು ಅಲ್ಲಿ ಎಷ್ಟು ಉಂಡನೆಂದು ಇಮಾಮಸಾಹೇಬನ ಹೆಂಡತಿ ಬಹಳ ದಿನ ಹೇಳಿಕೊಂಡು ತಿರುಗಿದಳು.

ಎಲ್ಲರೂ ಹೋದ ಮೇಲೆ ಕಾಶವ್ವ ಗಂಡನ ತಟ್ಟೆಯನ್ನು ತಂದು ಮೊದಲಿನ ಗೂಡಿನಲ್ಲಿಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

“ನನ್ನ ಮುಂದರ ಒಂದು ಮಾತು ಹೇಳಬಾರದಿತ್ತೇನ್ರಿ?”

“ಹೇಳಿದ್ರ ನೀ ಬ್ಯಾಡ ಅಂತಿದ್ದಿ.”

“ಅಂತಿದ್ದೆ. ಆಮ್ಯಾಲ ಆ ಹುಡುಗನ್ನ ಕೇಳತಿದ್ದೆ.”

ಹುಡುಗನನ್ನೇ ಕೇಳುವ ಉಪಾಯ ಇಷ್ಟು ದಿನ ತಮಗೇಕೆ ತೋಚಲಿಲ್ಲ ಎಂದು ಶಂಕ್ರೆಪ್ಪನವರು ಗೋಡೆಗೆ ಒರಗಿ ಯೋಚಿಸುತ್ತ ಕುಳಿತರು.

ಹೆಡ್ ಕ್ಲಾರ್ಕರ ಕುರ್ಚಿ ಬೇರೊಬ್ಬರಿಗೆ ಹೋಯಿತು. ಆ ಮಹಾಶಯರು ಕೊನೆಯವರೆಗೂ ಫ್ಯಾನನ್ನೇ ನೋಡಿದವರು. ಮಾಥುರರು ತಮ್ಮ ವರದಿಯಲ್ಲಿ ಶಂಕ್ರೆಪ್ಪನವರನ್ನು ಬಹಳ ಹೊಗಳಿದ್ದರಂತೆ, ಆ ವರದಿ ದೆಹಲಿಯಲ್ಲೇ ಉಳಿಯಿತು.

ಮುಂದಿನ ಶುಕ್ರವಾರ ಹಾಸ್ಟೆಲಿನ ಮಾಡು ಮುಚ್ಚಿತು. ಹೊರಡುವ ಹಿಂದಿನ ದಿನ ನಾಸರ್, ತಮ್ಮ ಊರಿನ ಅಡುಗೆ ಒಂದನ್ನು ಅವ್ವನಿಗೆ ಮಾಡಿ ಬಡಿಸಬೇಕೆಂದು ಆಸೆಯಾಗಿದೆ ಎಂದ. ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ, ಅಲಸಂದಿ ಕಾಳಿನ ಸಾರು. ಮಾಂಸವಿಲ್ಲ, ಮೀನಿಲ್ಲ. ಕಾಶವ್ವನ ಅಡುಗೆಮನೆಯೊಳಗೆ ಹೊರಗಿನವರು ಯಾರೂ ಈವರೆಗೆ ಕಾಲಿಟ್ಟಿರಲಿಲ್ಲ. ಅವಳು ತಂದೆಯ ಮುಖ ನೋಡಿದಳು. ಮುರಿಗೆಪ್ಪನವರು ಗಡ್ಡ ನೀವಿಕೊಳ್ಳುತ್ತ, “ನಮ್ಮ ನಿಯಮ ಏನದಾವು ಅಂತ ಮೊದಲ ಹೇಳು. ನಡಿಸಿಕೊಂಡು ಹೋಗತಾನೋ ನೋಡೋಣು,” ಎಂದರು.

ನಾಸರ್ ಪುಸ್ತಕ ಪೆನ್ಸಿಲು ತೆಗೆದುಕೊಂಡು ಹೊಸ್ತಿಲ ಹೊರಗೆ ಕುಳಿತ. ಕಾಶವ್ವ ಹೇಳತೊಡಗಿದಳು. ಸ್ನಾನ ಮಾಡಿ ಒಗೆದ ಬಟ್ಟೆ ಉಡಬೇಕು. ಕುಡಿಯುವ ನೀರಿನ ಕೊಡಕ್ಕೆ ಕೈ ಅದ್ದಬಾರದು. ಒಲೆಗೆ ಬಾಯಿಂದ ಊದಬಾರದು. ಅಡುಗೆ ಮಾಡುವಾಗ ಮಾತಾಡಬಾರದು. ಪೂಜೆಯ ಮೂಲೆಗೆ ಬೆನ್ನು ಕೊಟ್ಟು ನಿಲ್ಲಬಾರದು. ಬಡಿಸುವ ಸೌಟು ತಟ್ಟೆಗೆ ತಾಗಬಾರದು. ದೇವರಿಗೆ ತೋರಿಸುವ ಮೊದಲು ರುಚಿ ನೋಡಬಾರದು. ಬಡಿಸಿಕೊಂಡ ಮೇಲೆ ತಟ್ಟೆಯಲ್ಲಿ ಒಂದು ಅಗುಳೂ ಬಿಡಬಾರದು. ಹೀಗೆ ಇಪ್ಪತ್ತಮೂರು ನಿಯಮಗಳಾದವು, ನಾಸರನ ಎರಡು ಪುಟ ತುಂಬಿತು. ಅವನು ಪೆನ್ಸಿಲು ಕೆಳಗಿಟ್ಟು ಬೆರಳು ನೀವಿಕೊಂಡ.

“ಅವ್ವಾ, ನಮ್ಮ ಕಡೆ ಇಷ್ಟು ಇಲ್ಲ,” ಎಂದ ತನ್ನ ಅರೆಬರೆ ಕನ್ನಡದಲ್ಲಿ.

“ನಿಂದು ಬರೇ ಮಾಂಸಕ್ಕಪಾ,” ಎಂದಳು ಕಾಶವ್ವ. “ನಮ್ಮದು ಎಲ್ಲಾದಕ್ಕೂ.”

ಸ್ಟೇಷನ್ನಿನ ಎದುರು ಉಡುಪಿ ಹೋಟೆಲಿಟ್ಟಿದ್ದ ಸದಾನಂದರು ನಾಲ್ಕು ಒಳ್ಳೆಯ ತೆಂಗಿನಕಾಯಿ ಕೊಟ್ಟರು. ನಾಸರ್ ಸ್ನಾನ ಮಾಡಿ, ಬಾಯಿ ಮುಚ್ಚಿಕೊಂಡು, ಪುಟವನ್ನು ಗೋಡೆಗೆ ಆನಿಸಿಟ್ಟು, ಒಂದು ನಿಯಮವನ್ನೂ ಮುರಿಯದೆ ಅಡುಗೆ ಮಾಡಿದ. ಕಾಶವ್ವ ಹೊಸ್ತಿಲಲ್ಲಿ ಕುಳಿತು ನೋಡಿದಳು, ಅವಳಿಗೆ ಹೇಳಲು ಒಂದು ತಪ್ಪೂ ಸಿಗಲಿಲ್ಲ. ತೆಂಗಿನ ಹಾಲಿನ ಪರಿಮಳಕ್ಕೆ ನಳದ ಬಳಿಯ ಹೆಂಗಸರು ಕೊಡ ಬಿಟ್ಟು ಬಂದು ಬಾಗಿಲಲ್ಲಿ ಇಣುಕಿದರು. ಬಸವಂತಪ್ಪನವರು ಆ ಕಡೆ ಎರಡು ಸಲ ಸುಮ್ಮನೆ ಹಾದುಹೋದರು, ಮೂರನೆಯ ಸಲ ಶಂಕ್ರೆಪ್ಪನವರೇ ಅವರಿಗೊಂದು ಮಣೆ ಹಾಕಿದರು.

ದೇವರಿಗೆ ತೋರಿಸಿ ಆಯಿತು. ಎಲ್ಲರೂ ಕುಳಿತರು. ನಾಸರ್ ಸೌಟು ತಾಗಿಸದಂತೆ ಧಾರಾಳವಾಗಿ ಬಡಿಸಿದ. ಮೊದಲ ತುತ್ತು ಬಾಯಿಗೆ ಹೋದ ಮೇಲೆ ಎರಡನೆಯ ತುತ್ತಿಗೆ ಯಾರ ಕೈಯೂ ಏಳಲಿಲ್ಲ. ರುಚಿ ನೋಡಬಾರದೆಂಬ ನಿಯಮವನ್ನು ನಾಸರ್ ನಿಷ್ಠೆಯಿಂದ ಪಾಲಿಸಿದ್ದ, ಉಪ್ಪು ಹಾಕಿದೆನೋ ಇಲ್ಲವೋ ಎಂಬ ಅನುಮಾನ ಬಂದಾಗಲೆಲ್ಲ ಇನ್ನೊಂದು ಹಿಡಿ ಹಾಕಿದ್ದ. ತಟ್ಟೆಯಲ್ಲಿ ಒಂದು ಅಗುಳೂ ಬಿಡಬಾರದೆಂಬ ನಿಯಮ ಮಾತ್ರ ಎಲ್ಲರಿಗೂ ಅನ್ವಯಿಸುತ್ತಿತ್ತು.

ಬಸವಂತಪ್ಪನವರ ಕಣ್ಣು ತೇವವಾಯಿತು. ಶಂಕ್ರೆಪ್ಪನವರು ಹೆಂಡತಿಯನ್ನು ನೋಡಿದರು, ಕಾಶವ್ವ ತಂದೆಯನ್ನು ನೋಡಿದಳು. ಹುಡುಗ ಸೌಟು ಹಿಡಿದು, ಹೇಗಾಗಿದೆ ಎಂಬ ಆತಂಕದಲ್ಲಿ ನಿಂತೇ ಇದ್ದ. ಮುರಿಗೆಪ್ಪನವರು ಅವಸರವಿಲ್ಲದೆ ಕೊನೆಯ ಅಗುಳನ್ನೂ ಬಳಿದು ತಿಂದರು. ಮಠದ ರೂಢಿಯಂತೆ ತಟ್ಟೆ ತೊಳೆದು ಆ ನೀರನ್ನೂ ಕುಡಿದರು. ಗಡ್ಡ ಒರೆಸಿಕೊಂಡು, “ಛಲೋ ಮಾಡಿದೆಪಾ,” ಎಂದರು. “ಇನ್ನೊಂದೀಟು ಬಡಸು.”

ಆಮೇಲೆ ಮಗಳ ಕಡೆ ತಿರುಗಿ, ನೀರಿನ ತಂಬಿಗೆಯನ್ನು ಇಲ್ಲೇ ಹತ್ತಿರ ಇಟ್ಟಿರು ಎಂದು ಕಣ್ಣಲ್ಲೇ ಹೇಳಿದರು.